ಹೊಳೆಯಾಚೆಯ ಊರು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಈ ಊರಿನ ಹೆಸರು ಹೇಳಬೇಕಾಗಿಯೇ ಇಲ್ಲ. 44 ಎಂದರೆ ಸಾಕು, ಯಾವ ಬಸ್ಸಿಗೆ ಹತ್ತಬೇಕೆಂದು ಯಾರಾದರೂ ಬೆರಳು ತೋರಿಸುತ್ತಾರೆ. ಹಾಗಾಗಿ ನಾನೂ ಇಲ್ಲಿ ಹೆಸರು ಎತ್ತುವುದಿಲ್ಲ. ಕರಾವಳಿಯವರಿಗೆ ಬಸ್ಸಿನ ನಂಬರಿನಲ್ಲೇ ಊರು ಯಾವುದೆಂದು ಗೊತ್ತಾಗಿರುತ್ತದೆ. ಘಟ್ಟದ ಮೇಲಿನವರಿಗೆ ಗುರುತು ಇಷ್ಟು: ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ನೇತ್ರಾವತಿ ದಾಟಿದ ಕೂಡಲೇ ಸಿಗುವ ಊರು. ಪಡುವಣಕ್ಕೆ ಕಡಲು, ಬಡಗಣಕ್ಕೆ ಹೊಳೆ, ಮೂಡಣಕ್ಕೆ ರೈಲು ಹಳಿ ಮತ್ತು ಹೆದ್ದಾರಿ. ಕೈ ಕಾಲು ಚಾಚಲು ಜಾಗ ಇರುವುದು ತೆಂಕು ದಿಕ್ಕಿಗೆ ಮಾತ್ರ.

ಬೆಳಿಗ್ಗೆಯ ಬಸ್ಸು. ಕಂಡಕ್ಟರ್ ಸೀಟಿ ಊದುತ್ತಾ, ಒಂದು ಕಾಲು ಫುಟ್‌ಬೋರ್ಡಿನಲ್ಲಿ ಇನ್ನೊಂದು ಗಾಳಿಯಲ್ಲಿ ಇಟ್ಟುಕೊಂಡು ಜನರನ್ನು ಒಳಗೆ ದೂಡುತ್ತಿದ್ದ. ಕಂಕನಾಡಿ, ಪಂಪ್‌ವೆಲ್ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಬಸ್ಸಿಗೆ ಜೀವ ಬಂತು. ಈ ಹೆದ್ದಾರಿಯನ್ನು ಇಲ್ಲಿನ ಹಳಬರು ಈಗಲೂ ಹದಿನೇಳು ಎಂದೇ ಕರೆಯುತ್ತಾರೆ. ದಾಖಲೆಯಲ್ಲಿ ಅದು 66 ಆಗಿ ಬಹಳ ವರ್ಷಗಳಾದವು. ಮುಂಬಯಿ ಪಕ್ಕದ ಪನ್ವೇಲಿನಲ್ಲಿ ಹುಟ್ಟಿ ಕನ್ಯಾಕುಮಾರಿಯಲ್ಲಿ ಮುಗಿಯುವ ಇಷ್ಟುದ್ದದ ರಸ್ತೆಯನ್ನು ನನ್ನ ಜೊತೆಗಿದ್ದವರೆಲ್ಲ ಹತ್ತಿಪ್ಪತ್ತು ನಿಮಿಷಕ್ಕಷ್ಟೇ ಬಳಸುತ್ತಿದ್ದರು.

ಬಸ್ಸು ಖಾಲಿಯಿರುತ್ತದೆ ಎಂಬ ಲೆಕ್ಕದಲ್ಲಿ ನಾನು ಹತ್ತಿರಲಿಲ್ಲ, ಆದರೆ ಇಷ್ಟು ಜನರನ್ನೂ ನಿರೀಕ್ಷಿಸಿರಲಿಲ್ಲ. ದೊಡ್ಡ ನಗರದ ಪಕ್ಕದ ಊರೆಂದರೆ ಬೆಳಿಗ್ಗೆ ಜನ ನಗರದ ಕಡೆಗೆ ಹೋಗುತ್ತಾರೆ, ಸಂಜೆ ಹಿಂದಿರುಗುತ್ತಾರೆ. ಇಲ್ಲಿ ಬೆಳಿಗ್ಗೆ ಎರಡೂ ಕಡೆ ನೂಕುನುಗ್ಗಲು. ಎದುರಿನಿಂದ ಬರುವ ಬಸ್ಸುಗಳಲ್ಲಿ ಅಂಗಡಿ, ಕಚೇರಿ, ಬಂದರಿನ ಕೆಲಸಕ್ಕೆ ಹೊರಟವರು. ಈ ಕಡೆಯ ಬಸ್ಸುಗಳಲ್ಲಿ ಬಿಳಿ ಕೋಟನ್ನು ಕೈಮೇಲೆ ಮಡಿಸಿ ಹಿಡಿದ ಹುಡುಗ ಹುಡುಗಿಯರು, ನರ್ಸುಗಳು, ಎಕ್ಸ್‌ರೇ ಲಕೋಟೆ ಹಿಡಿದ ರೋಗಿಗಳು. ಹೊಳೆ ದಾಟಿದ ಮೇಲೆ, ಒಳನಾಡಿನ ಕಡೆ, ದೇರಳಕಟ್ಟೆಯ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜುಗಳಿವೆ. ಇನ್ನೂ ಮುಂದೆ ಕೊಣಾಜೆಯಲ್ಲಿ 1980ರಲ್ಲಿ ಶುರುವಾದ ವಿಶ್ವವಿದ್ಯಾಲಯವಿದೆ. ಆ ಕಡೆಗೆ ಹೋಗುವ ಬಸ್ಸಿನ ನಂಬರು 51. ಅದೂ ನೇತ್ರಾವತಿಯ ಇದೇ ಸೇತುವೆ ದಾಟಬೇಕು.

ಸೇತುವೆ ಮುಗಿದ ಕೂಡಲೇ ಕಲ್ಲಾಪುವಿನಲ್ಲಿ ಇಳಿದೆ. ಊರನ್ನು ಹೊಳೆಯಿಂದಲೇ ನೋಡಲು ಶುರುಮಾಡೋಣ ಎಂದು.

ನೇತ್ರಾವತಿ ಇಲ್ಲಿ ಹೊಳೆಯಂತೆ ಕಾಣುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳ ಸುತ್ತಿಕೊಂಡು ನೂರು ಕಿಲೋಮೀಟರ್‌ನಷ್ಟು ನಡೆದು ಬಂದ ನೀರು ಕಡೆಯ ಹಂತದಲ್ಲಿ ಅಗಲವಾಗಿ ಹರಡಿಕೊಂಡಿದೆ. ನಡುನಡುವೆ ತೆಂಗು ತುಂಬಿದ ಕುದ್ರುಗಳು, ಅವುಗಳ ಮೇಲೆ ಮನೆಗಳು. ನಾನು ನಿಂತಾಗ ನೀರು ಒಳನಾಡಿನ ಕಡೆಗೆ ಹೋಗುತ್ತಿತ್ತು. ಕಡಲಿನ ಭರತದ ಹೊತ್ತು. ಬೇಸಿಗೆಯಲ್ಲಿ ಈ ಉಪ್ಪುನೀರು ಹೊಳೆಯಲ್ಲಿ ಸಾಕಷ್ಟು ಮೇಲಕ್ಕೆ ಹತ್ತುತ್ತದೆ, ದಡದ ಬಾವಿಗಳ ರುಚಿ ಕೆಡುತ್ತದೆ.

ರಸ್ತೆಗೆ ಜೋಡಿ ಸೇತುವೆ, ಪಕ್ಕದಲ್ಲೇ ರೈಲಿನದು. ರಸ್ತೆ ಸೇತುವೆಯ ಅಂಚಿಗೆ ಎತ್ತರದ ಜಾಲರಿ ಕಟ್ಟಿದ್ದಾರೆ. 2019ರಲ್ಲಿ ಇಲ್ಲಿ ನಡೆದ ಒಂದು ಸಾವು ದೇಶಕ್ಕೆಲ್ಲ ಸುದ್ದಿಯಾದ ಮೇಲೆ ಬಂದದ್ದು ಅದು. ರೈಲಿನ ದಾರಿ ಮಾತ್ರ ಬಹಳ ಹಳೆಯದು. 1907ರಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿ ಹೊಳೆ ದಾಟಿ ಮಂಗಳೂರು ಮುಟ್ಟಿತು. ಹಾಸನದ ದಾರಿಯಾಗಿ ಬೆಂಗಳೂರಿನ ಕಡೆಯ ಹಳಿ ಮಂಗಳೂರಿಗೆ ಬಂದದ್ದು 1979ರಲ್ಲಿ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯ ರೈಲು ತೆಂಕಕ್ಕೆ ಮಾತ್ರ ಓಡುತ್ತಿತ್ತು ಎಂಬುದನ್ನು ನೆನಪಿಟ್ಟರೆ ಇಲ್ಲಿ ಮುಂದೆ ಕಾಣುವ ಹಲವು ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ. ಅಂಗಡಿಯ ಬೋರ್ಡಿನ ಮಲಯಾಳ ಅಕ್ಷರ ಕೂಡ.

ಈ ಸೇತುವೆಗಳು ಇಲ್ಲದಿದ್ದರೆ ಊರು ನಗರಕ್ಕೆ ಎಷ್ಟು ದೂರ? ಹಿಂದೆ ಬೇರೆ ದಾರಿ ಎಂದರೆ ಬಂಟ್ವಾಳದ ಪಕ್ಕ ಪಾಣೆಮಂಗಳೂರಿನಲ್ಲಿ ಹೊಳೆ ದಾಟಬೇಕಿತ್ತು. ಅಷ್ಟು ಸುತ್ತು ಯಾರು ಹೋಗುತ್ತಾರೆ! ಈಚೆಗೆ ಹರೇಕಳ ಮತ್ತು ಅಡ್ಯಾರಿನ ನಡುವೆ ಕಿಂಡಿ ಅಣೆಕಟ್ಟಿನ ಮೇಲೆ ಒಂದು ಸೇತುವೆಯಾಗಿದೆ. ಗುಡ್ಡದ ಕಡೆಯವರಿಗೆ ಅದು ದೊಡ್ಡ ಉಪಕಾರ. ಕಡಲ ಬದಿಯವರಿಗೆ ಮಾತ್ರ ಈಗಲೂ ಇದೊಂದೇ ಬಾಗಿಲು.

ಕಲ್ಲಾಪುವಿನಿಂದ ತೊಕ್ಕೊಟ್ಟಿಗೆ ಸರ್ವಿಸ್ ರಸ್ತೆಯಲ್ಲಿ ನಡೆದೆ. ಸರ್ವಿಸ್ ರಸ್ತೆಯಲ್ಲಿ ನಡೆಯುವವನನ್ನು ಇಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ಆಟೋಗಳು ನಿಂತು, ನಾನು ಬೇಡ ಎಂದ ಮೇಲೂ ಸ್ವಲ್ಪ ಹೊತ್ತು ಕಾದವು. ತೊಕ್ಕೊಟ್ಟಿನ ಮೇಲ್ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತು, ಕೊನೆಗೆ 2019ರಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಕೇರಳದ ಕಡೆಗೆ ಹೋಗುವವರು ಈಗ ಊರಿನ ತಲೆಯ ಮೇಲಿಂದ ಹಾರಿ ಹೋಗುತ್ತಾರೆ. ಕೆಳಗೆ ಉಳಿದವರು ಊರಿನವರು ಮತ್ತು ಊರಿಗೆ ಕೆಲಸ ಇರುವವರು.

ಈ ಮೇಲ್ಸೇತುವೆಯ ಕೆಳಗೆ ಅರ್ಧ ಗಂಟೆ ನಿಂತರೆ ಊರಿನ ಜನಸಂಖ್ಯೆಯ ಪರಿಚಯ ಕಿವಿಯಿಂದಲೇ ಆಗುತ್ತದೆ. ಹಣ್ಣಿನ ಗಾಡಿಯವ ಬ್ಯಾರಿಯಲ್ಲಿ ರೇಟು ಹೇಳಿದ, ಕೊಳ್ಳುವ ಹೆಂಗಸು ತುಳುವಿನಲ್ಲಿ ಚೌಕಾಶಿ ಮಾಡಿದರು, ಲೆಕ್ಕ ಕನ್ನಡದಲ್ಲಿ ಮುಗಿಯಿತು. ಪಕ್ಕದಲ್ಲಿ ಇಬ್ಬರು ಮಲಯಾಳದಲ್ಲಿ ಡಾಕ್ಟರ ಟೋಕನ್ ಬಗ್ಗೆ ಮಾತಾಡುತ್ತಿದ್ದರು. ಅವರು ಮಂಜೇಶ್ವರದವರೋ ಇನ್ನೂ ಕೆಳಗಿನವರೋ ನನಗೆ ತಿಳಿಯಲಿಲ್ಲ. ಗಡಿ ತಲಪಾಡಿಯಲ್ಲಿದೆ, ಇಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು. ಕಾಸರಗೋಡಿನ ಕಡೆಗೆ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತವೆ. ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಯಾವುದಕ್ಕೂ ಗಡಿಯಾಚೆಯ ಜನರಿಗೆ ಹತ್ತಿರದ ಪೇಟೆ ಮಂಗಳೂರೇ. ಈ ಓಡಾಟ ಎಷ್ಟು ದೊಡ್ಡದೆಂದು ಎಲ್ಲರಿಗೂ ಕಂಡದ್ದು 2020ರ ಮಾರ್ಚಿನಲ್ಲಿ. ಸೋಂಕಿನ ಭಯದಿಂದ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು, ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು, ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆ ದಿನಗಳಲ್ಲಿ ತೊಕ್ಕೊಟ್ಟಿನ ವ್ಯಾಪಾರ ಅರ್ಧವೂ ಇರಲಿಲ್ಲ ಎಂದು ಚಹಾ ಅಂಗಡಿಯವರು ಹೇಳಿದರು. ಗಡಿ ಮುಚ್ಚಿದ್ದಕ್ಕೋ, ಎಲ್ಲವೂ ಮುಚ್ಚಿದ್ದಕ್ಕೋ? ಅದನ್ನು ಬೇರ್ಪಡಿಸಿ ಹೇಳಲು ಅವರಿಗೂ ಆಗಲಿಲ್ಲ.

ಇನ್ನು ಗಣತಿಯ ಲೆಕ್ಕ. 2001ರಲ್ಲಿ ಈ ಪಟ್ಟಣದ ಜನ 49 ಸಾವಿರ ಚಿಲ್ಲರೆ, 2011ರಲ್ಲಿ 53 ಸಾವಿರ ಚಿಲ್ಲರೆ. ಹತ್ತು ವರ್ಷಕ್ಕೆ ಬೆಳವಣಿಗೆ ಶೇ 8ರೊಳಗೆ. ಅದೇ ಅವಧಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 10ರಷ್ಟು ಬೆಳೆದಿತ್ತು. ಅಂದರೆ ಕಾಗದದಲ್ಲಿ ಇದು ನಿಧಾನಕ್ಕೆ ಬೆಳೆಯುವ ಊರು! ಮೇಲ್ಸೇತುವೆಯ ಕೆಳಗೆ ನಿಂತವನಿಗೆ ಇದನ್ನು ನಂಬುವುದು ಕಷ್ಟ. ಸುತ್ತ ನೋಡಿದರೆ ಕಾರಣ ಕಾಣುತ್ತದೆ ಎಂದು ನನಗನಿಸಿತು. ಪಟ್ಟಣದ ಗಡಿಯೊಳಗೆ ಖಾಲಿ ಜಾಗವೇ ಇಲ್ಲ, ಒಂದು ಕಡೆ ಕಡಲು ಇದ್ದ ಜಾಗವನ್ನೂ ತಿನ್ನುತ್ತಿದೆ. ಹೊಸ ಫ್ಲ್ಯಾಟುಗಳು ಏಳುತ್ತಿರುವುದು ಹೆದ್ದಾರಿಯ ಆಚೆ ಕೋಟೆಕಾರು, ಸೋಮೇಶ್ವರ, ದೇರಳಕಟ್ಟೆಯ ಕಡೆಯ ಮುರಕಲ್ಲಿನ ಗುಡ್ಡಗಳ ಮೇಲೆ. ಅವುಗಳ ಲೆಕ್ಕ ಬೇರೆ ಪುಸ್ತಕದಲ್ಲಿ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, ಹಾಗಾಗಿ ಇಷ್ಟು ಬದಲಾದ ಊರಿನ ಬಗ್ಗೆ ಮಾತಾಡುವಾಗಲೂ ಎಲ್ಲರ ಕೈಯಲ್ಲಿರುವುದು ಹಳೆಯ ಅಂಕಿ.

ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದೆ. ರೈಲು ಹಳಿ ದಾಟಬೇಕು. ಓವರ್‌ಬ್ರಿಡ್ಜ್ ಮೇಲಿಂದ ಕೆಳಗೆ ನೋಡಿದರೆ ಜೋಡಿ ಹಳಿ, ಹಳಿಯ ಎರಡೂ ಕಡೆ ಜನ ನಡೆದು ನಡೆದು ಮೂಡಿದ ಕಾಲುದಾರಿ. ಒಳಪೇಟೆಯ ಅಂಗಡಿಗೆ ಹೋಗುವವರು ಸೇತುವೆ ಹತ್ತದೆ ಹಳಿಯನ್ನೇ ದಾಟುತ್ತಿದ್ದರು. ಕೈಯಲ್ಲಿ ಮೀನಿನ ಚೀಲ ಹಿಡಿದ ಅಜ್ಜಿಯೊಬ್ಬರು ಎರಡೂ ಕಡೆ ಕತ್ತು ತಿರುಗಿಸಿ, ಸೀರೆಯ ನೆರಿಗೆ ಎತ್ತಿ, ಆರಾಮಾಗಿ ದಾಟಿದರು. ನಾನು ಉಸಿರು ಹಿಡಿದು ನೋಡಿದೆ.

ಹಳಿಯ ಆಚೆ ದಾಟಿದರೆ ನೆಲವೇ ಬದಲಾಗುತ್ತದೆ. ಕೆಂಪು ಮಣ್ಣು ಹೋಗಿ ಮರಳು ಬರುತ್ತದೆ. ರಸ್ತೆ ಕಿರಿದು, ಮನೆಗಳು ಒತ್ತಾಗಿ, ಪ್ರತಿ ಅಂಗಳಕ್ಕೂ ನಾಲ್ಕಾರು ತೆಂಗು. ಹೆಂಚಿನ ಮಾಡುಗಳು ಇನ್ನೂ ಸಾಕಷ್ಟು ಉಳಿದಿವೆ. 1865ರಲ್ಲಿ ಮಿಷನರಿಗಳು ಹೊಳೆಯ ಆಚೆ ದಡದಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು ಇದೇ ಹೊಳೆಬದಿಯ ಜೇಡಿಮಣ್ಣನ್ನು ನಂಬಿ. ಹೆಂಚಿನ ಮನೆಗಳ ನಡುವೆ ಗಲ್ಫ್ ದುಡ್ಡಿನ ಎರಡಂತಸ್ತಿನ ಮನೆಗಳು, ಎತ್ತರದ ಗೇಟು, ಒಳಗೆ ಮುಚ್ಚಿದ ಕಿಟಕಿ. ಅವುಗಳಲ್ಲಿ ಎಷ್ಟರಲ್ಲಿ ಜನ ಇದ್ದಾರೆ ಎಂದು ಹೊರಗಿನಿಂದ ಹೇಳುವಂತಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಪೇಂಟು ಹೊಳೆಯುವ ಮನೆ ಎಂದರೆ ಯಾರೋ ಈಚೆಗೆ ರಜೆಗೆ ಬಂದು ಹೋಗಿದ್ದಾರೆ ಎಂದು ನನ್ನ ಊಹೆ.

ಮಾಸ್ತಿಕಟ್ಟೆ ದಾಟಿ ಮುಂದೆ ಹೋದರೆ ರಾಣಿಯ ಪ್ರತಿಮೆ ಇರುವ ವೃತ್ತ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಕಾದಿದ ಚೌಟ ಮನೆತನದ ರಾಣಿ. ಆ ಕತೆ ಎಲ್ಲರಿಗೂ ಗೊತ್ತು, ಹೇಳುವುದಿಲ್ಲ. ನನಗೆ ಅಲ್ಲಿ ಹೊಳೆದದ್ದು ಬೇರೆ. ಆ ಜಗಳದ ಮೂಲ ಬಂದರು. ಇಲ್ಲಿಂದ ಮೆಣಸು, ಅಕ್ಕಿ ಹಡಗು ಹತ್ತಿ ಪಶ್ಚಿಮಕ್ಕೆ ಹೋಗುತ್ತಿದ್ದವು. ಆಗ ಊರಿನ ಮುಂಬಾಗಿಲು ಕಡಲು, ಹಿತ್ತಲು ಗುಡ್ಡ. ಇವತ್ತು ಮುಂಬಾಗಿಲು ತೊಕ್ಕೊಟ್ಟು. ಅಂಗಡಿ, ಬ್ಯಾಂಕು, ಬಸ್ಸು, ಜಾಗದ ಬೆಲೆ ಎಲ್ಲವೂ ಹೆದ್ದಾರಿಯ ಕಡೆ ಮುಖ ಮಾಡಿವೆ. ಕಡಲ ಕಡೆ ನಡೆದಷ್ಟೂ ಅಂಗಡಿಗಳು ಸಣ್ಣದಾಗುತ್ತವೆ, ಬಸ್ಸು ಅಪರೂಪವಾಗುತ್ತದೆ.

ಇದಕ್ಕೆ ಒಂದು ಅಪವಾದ ದರ್ಗಾ. ಕಡಲಿಗೆ ಹತ್ತಿರ, ಆದರೂ ಜನವೋ ಜನ. ಐದು ವರ್ಷಕ್ಕೊಮ್ಮೆ ನಡೆಯುವ ಉರೂಸಿಗೆ ಕೇರಳ, ಕೊಡಗು, ಮಲೆನಾಡಿನಿಂದೆಲ್ಲ ಬರುತ್ತಾರೆ. ನಾನು ಹೋದದ್ದು ಸಾಮಾನ್ಯ ದಿನ. ಅವತ್ತೂ ಕೇರಳ ನೋಂದಣಿಯ ಕಾರುಗಳು ಸಾಲಾಗಿದ್ದವು. ಹರಕೆ ಹೊತ್ತು ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ ಎಂದು ಹೂವಿನವ ಹೇಳಿದ. ಮುಡಿಯ ಮಲ್ಲಿಗೆ ನೋಡಿ ನನಗೂ ಹಾಗೆ ಅನಿಸಿತು.

ಅಲ್ಲಿಂದ ಬಡಗಣಕ್ಕೆ ಕೋಟೆಪುರದ ದಾರಿ. ನನ್ನ ಮಟ್ಟಿಗೆ ಊರಿನ ಅತ್ಯಂತ ವಿಚಿತ್ರ ಜಾಗ ಇದೇ. ಹೊಳೆಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿದ ಮರಳಿನ ಪಟ್ಟಿ. ಬಲಕ್ಕೆ ನೇತ್ರಾವತಿ ಸಮಾಧಾನದಿಂದ ಹರಿಯುತ್ತಿದೆ, ಎಡಕ್ಕೆ ಕಲ್ಲಿನ ತಡೆಗೋಡೆಯ ಆಚೆ ಅಲೆಗಳು ಬಡಿಯುತ್ತಿವೆ. ರಸ್ತೆ ಒಂದೇ. ಹೊಳೆಬದಿಗೆ ದೋಣಿ ಕಟ್ಟುವ ಶೆಡ್ಡುಗಳು, ಅರ್ಧ ಮೈಗೆ ಬಣ್ಣ ಬಳಿದ ದೊಡ್ಡ ಬೋಟುಗಳು. ಮುಂದೆ ಮೀನಿನ ಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳು. ವಾಸನೆ ಕಾರ್ಖಾನೆ ಕಾಣುವ ಮೊದಲೇ ಬಂತು. ಭೂತಾಯಿಯಂಥ ಅಗ್ಗದ ಮೀನು ಇಲ್ಲಿ ಬೆಂದು, ಹಿಂಡಿ, ಒಣಗಿ ಕೋಳಿಗೂ ಸಿಗಡಿಗೂ ಆಹಾರವಾಗುತ್ತದೆ. ನಾನು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಬಲೆ ಹೆಣೆಯುತ್ತಿದ್ದವರು ನಕ್ಕರು. "ವಾಸನೆ ಇಲ್ಲ ಅಂದ್ರೆ ಕೆಲಸ ಇಲ್ಲ ಅಂತ ಲೆಕ್ಕ." ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಗಾಳಿ ಹಗುರ, ಜೇಬೂ ಹಗುರ. ಆಗ ನಾಡದೋಣಿಯವರು ಮಾತ್ರ ಹೋಗುತ್ತಾರೆ, ಅದೂ ಕಡಲು ಬಿಟ್ಟರೆ.

ಪಟ್ಟಿಯ ತುದಿಗೆ ಬಂದಾಗ ಊರಿನ ಭೂಗೋಳ ಒಮ್ಮೆಲೇ ಬಿಡಿಸಿಕೊಂಡಿತು. ಬಡಗಣದಿಂದ ಗುರುಪುರ ಹೊಳೆ, ತೆಂಕಣದಿಂದ ನೇತ್ರಾವತಿ, ಎರಡೂ ಕೂಡಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಎದುರಿಗೆ ಬೆಂಗ್ರೆಯ ಮರಳುಪಟ್ಟಿ, ಸ್ವಲ್ಪ ಬಲಕ್ಕೆ ಮಂಗಳೂರಿನ ಹಳೆ ಬಂದರು. ಬೋಟಿನ ಮೇಲಿನ ಮನುಷ್ಯರು ಕಾಣುವಷ್ಟು ಹತ್ತಿರ. ಕೂಗಿದರೆ ಕೇಳೀತೋ ಏನೋ. ಆದರೆ ಅಲ್ಲಿಗೆ ರಸ್ತೆಯಲ್ಲಿ ಹೋಗಬೇಕಾದರೆ ನಾನು ಬಂದ ದಾರಿಯನ್ನೆಲ್ಲ ಹಿಂದಕ್ಕೆ ನಡೆದು, ಹಳಿ ದಾಟಿ, ತೊಕ್ಕೊಟ್ಟಿನಲ್ಲಿ ಬಸ್ಸು ಹಿಡಿದು, ಸೇತುವೆ ದಾಟಿ, ಪಂಪ್‌ವೆಲ್ ಸುತ್ತಿ ಹೋಗಬೇಕು. ಹತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಲ್ಲೊಂದು ಸೇತುವೆ ಬೇಕೆಂಬ ಮಾತು ಊರಲ್ಲಿ ಬಹಳ ಕಾಲದಿಂದ ಇದೆ. ಬಲೆ ಹೆಣೆಯುವವರಲ್ಲಿ ಒಬ್ಬರು ಬೇಕು ಎಂದರು, ಇನ್ನೊಬ್ಬರು ಬೇಡ ಎಂದರು. ಬೇಡ ಎಂದವರ ವಾದ, ಸೇತುವೆ ಬಂದರೆ ಈ ಮರಳಿನ ಪಟ್ಟಿಯ ಸೆಂಟ್ಸಿನ ಬೆಲೆ ಎಲ್ಲಿಗೋ ಹೋಗಿ, ಮೊದಲು ಎದ್ದು ಹೋಗುವುದು ಬೋಟು ಕಟ್ಟುವ ಶೆಡ್ಡು. ನನಗೆ ಎರಡನೆಯವರ ಮಾತು ಹೆಚ್ಚು ಸರಿ ಎನಿಸಿತು, ಆದರೆ ದಿನಾ ಸುತ್ತಿ ಹೋಗುವ ಕಷ್ಟ ನನ್ನದಲ್ಲವಲ್ಲ.

ಹಿಂದಿರುಗುವಾಗ ಹೊಳೆ ಬಿಟ್ಟು ಕಡಲ ಬದಿಯಲ್ಲೇ ತೆಂಕಕ್ಕೆ ಹೊರಟೆ. ಮೊಗವೀರಪಟ್ಣದ ಕಡೆ. ಮರಳ ತೀರ ಎಂದು ಹೊರಟವನಿಗೆ ಸಿಕ್ಕಿದ್ದು ಹೆಚ್ಚಾಗಿ ಕಲ್ಲು. ಆನೆಗಾತ್ರದ ಬಂಡೆಗಳ ರಾಶಿ, ಅದರ ಹಿಂದೆಯೇ ಮನೆಯ ಹಿತ್ತಿಲು. ಕೆಲವೆಡೆ ಅಡಿಪಾಯ ಮಾತ್ರ ಉಳಿದಿದೆ, ಒಂದು ಬಾವಿಯ ಕಟ್ಟೆ ಮರಳಿನಲ್ಲಿ ವಾಲಿಕೊಂಡಿದೆ. ಮಳೆಗಾಲದಲ್ಲಿ ಕಡಲು ಮರಳನ್ನು ಎಳೆದುಕೊಳ್ಳುವುದು, ಮಳೆ ಮುಗಿದ ಮೇಲೆ ಹಿಂದಕ್ಕೆ ತಂದು ಹಾಕುವುದು ಇಡೀ ಕರಾವಳಿಯಲ್ಲಿ ನಡೆಯುವ ಸಂಗತಿ. ಇಲ್ಲಿ ಕೊಡುವುದು ಕಡಿಮೆಯಾಗಿದೆ, ಕೊಂಡೊಯ್ಯುವುದು ಹೆಚ್ಚಾಗಿದೆ. ಅಳಿವೆಯ ಬಾಯಿಯಲ್ಲಿ ಬೋಟುಗಳ ಅನುಕೂಲಕ್ಕೆ ಕಟ್ಟಿದ ಅಲೆತಡೆಗಳು ಮರಳಿನ ಓಟವನ್ನು ತಪ್ಪಿಸಿದವು ಎಂದು ಇಲ್ಲಿನವರು ಹೇಳುತ್ತಾರೆ. ದಡಕ್ಕೆ ಸಮಾನಾಂತರವಾಗಿ ಹರಿಯುವ ಮರಳಿಗೆ ಅಡ್ಡ ಕಟ್ಟಿದರೆ ಒಂದು ಬದಿ ತುಂಬಿ ಇನ್ನೊಂದು ಬದಿ ಬರಿದಾಗುವುದು ಬೇರೆ ಕಡಲುಗಳಲ್ಲೂ ಕಂಡದ್ದೇ. ಆ ಮೇಲೆ ದೊಡ್ಡ ಮೊತ್ತದ ಸಾಲ ತಂದು ಅಲೆತಡೆ ದುರಸ್ತಿ ಮಾಡಿದರು, ಕಡಲೊಳಗೆ ನೀರಿನಡಿಯ ಕೃತಕ ದಿಬ್ಬಗಳನ್ನು ಕಟ್ಟಿದರು. ಅಲೆ ದಡಕ್ಕೆ ಬರುವ ಮೊದಲೇ ಮುರಿಯಲಿ ಎಂದು. ಕಣ್ಣಿಟ್ಟು ನೋಡಿದೆ. ದೂರದಲ್ಲಿ ಒಂದು ಕಡೆ ನೊರೆ ಏಳುತ್ತಿತ್ತು. ಅದು ದಿಬ್ಬವೋ, ಬರೀ ಗಾಳಿಯ ಅಲೆಯೋ ಹೇಳಲಾರೆ.

ತೀರದಲ್ಲಿ ಒಂದು ಹೆಂಚಿನ ಮನೆ ನನ್ನನ್ನು ನಿಲ್ಲಿಸಿತು. ಬಾಗಿಲಿಗೆ ಬೀಗ, ಜಗಲಿಯ ಮೇಲೆ ಮಡಿಸಿಟ್ಟ ಬಲೆ, ಅಂಗಳದಲ್ಲಿ ಕಲ್ಲು ರಾಶಿಯಿಂದ ಉರುಳಿ ಬಂದ ಒಂದು ಬಂಡೆ. ಕಡಲಿಗೆ ಹೆದರಿ ಬಿಟ್ಟು ಹೋದರೋ, ಮಕ್ಕಳ ಮನೆಗೆ ದೇರಳಕಟ್ಟೆಗೆ ಹೋಗಿದ್ದಾರೋ, ಸುಮ್ಮನೆ ಪೇಟೆಗೆ ಹೋಗಿದ್ದಾರೋ? ಪಕ್ಕದ ಮನೆಯಲ್ಲಿ ಕೇಳಬಹುದಿತ್ತು. ಕೇಳುವ ಅಧಿಕಾರ ನನಗಿದೆ ಎನಿಸಲಿಲ್ಲ.

ಸೋಮೇಶ್ವರಕ್ಕೆ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಲ್ಲಿ ತೀರ ಅಗಲವಾಗುತ್ತದೆ, ಕಪ್ಪು ಬಂಡೆಗಳು ಕಡಲೊಳಗೆ ಇಳಿದಿವೆ, ಅವುಗಳ ನೆತ್ತಿಯಲ್ಲಿ ಶಿವನ ಗುಡಿ. ಊರಿನ ಉಳಿದ ತೀರ ಕರಗುತ್ತಿರುವಾಗ ಈ ತುಂಡು ಹೀಗೆ ಗಟ್ಟಿಯಾಗಿ ನಿಂತಿರುವುದು ಬಂಡೆಯ ದಯೆ ಇರಬೇಕು. ನೀರಿಗೆ ಇಳಿಯಬೇಡಿ ಎಂಬ ಬೋರ್ಡುಗಳಿವೆ, ಇಳಿದವರೂ ಇದ್ದರು.

ಗುಡಿಯಿಂದ ರೈಲು ನಿಲ್ದಾಣ ನಡೆಯುವಷ್ಟು ದೂರ. ಊರಿನ ಹೆಸರು ಹೊತ್ತ ನಿಲ್ದಾಣ ಹಳೆ ಊರಿನ ನಡುವಿನಲ್ಲಿ ಇಲ್ಲ, ಪಕ್ಕದ ಸೋಮೇಶ್ವರದ ಮಗ್ಗುಲಲ್ಲಿದೆ. ದರ್ಗಾದ ಕಡೆಯವರಿಗಾಗಲಿ ಕೋಟೆಪುರದವರಿಗಾಗಲಿ ಇಲ್ಲಿಗೆ ಬರುವ ಹೊತ್ತಿಗೆ ತೊಕ್ಕೊಟ್ಟಿನಲ್ಲಿ ಬಸ್ಸು ಸಿಕ್ಕಿರುತ್ತದೆ. ದೂರದ ಎಕ್ಸ್‌ಪ್ರೆಸ್‌ಗಳು ನಿಲ್ಲದೆ ಹೋಗುತ್ತವೆ, ನಿಲ್ಲುವುದು ಕಾಸರಗೋಡು, ಕಣ್ಣೂರಿನ ಕಡೆಯ ಪ್ಯಾಸೆಂಜರುಗಳು. ಪ್ಲ್ಯಾಟ್‌ಫಾರ್ಮಿನ ಬೆಂಚಿನಲ್ಲಿ ಒಬ್ಬ ಕಾಲೇಜು ಹುಡುಗಿ ಮತ್ತು ಮೂರು ನಾಲ್ಕು ಮಂದಿ ಮಾತ್ರ. ಅವಳು ಸೀಸನ್ ಟಿಕೆಟಿನವಳು. ರೈಲು ಸೆಂಟ್ರಲ್‌ನಲ್ಲಿ, ಅಂದರೆ ಪೇಟೆಯ ನಟ್ಟನಡುವೆ ಇಳಿಸುತ್ತದೆ, ಪಂಪ್‌ವೆಲ್‌ನ ಗಲಾಟೆ ಇಲ್ಲ, ಖರ್ಚೂ ಬಸ್ಸಿಗಿಂತ ಕಡಿಮೆ ಎಂದಳು. ಹಾಗಾದರೆ ನಿಮ್ಮ ಗೆಳತಿಯರು ಯಾಕೆ ಬರುವುದಿಲ್ಲ ಎಂದೆ.

"ಬೆಳಿಗ್ಗೆದ್ದು ಸಮ ಇದೆ. ಸಂಜೆ ಲ್ಯಾಬ್ ಹತ್ತು ನಿಮಿಷ ಲೇಟಾದ್ರೆ ರೈಲು ಹೋಯ್ತು. ಮತ್ತೆ ಬಸ್ಸಿಗೇ ದುಡ್ಡು ಕೊಡ್ಬೇಕು. ಎರಡಕ್ಕೂ ಯಾರು ಕೊಡ್ತಾರೆ?"

ಇಬ್ಬರು ಗಾಡಿ ಬಂತೆಂದು ಎದ್ದು ನಿಂತರು. ಅದು ಗೂಡ್ಸ್. ನಮ್ಮದು ಅದರ ಹಿಂದೆ ಇದೆ ಎಂದು ಅವಳು ಮೊಬೈಲ್ ನೋಡಿ ಹೇಳಿದಳು. ನಾನು ಟಿಕೆಟ್ ತರಲು ಕೌಂಟರಿನ ಕಡೆಗೆ ಓಡಿದೆ.